ಎಳೆ ಕಾಣುವಷ್ಟು ಹತ್ತಿರ

ತಳಕು ಊರಿನಿಂದ ಬಂದಿದ್ದ ಆ ಟೀಚರು ಸೀರೆಯ ಕವರನ್ನು ನನ್ನ ಸ್ಟುಡಿಯೋದ ಕೌಂಟರಿನ ಮೇಲೆ ಎಸೆದಾಗ ಮೊದಲು ನನಗೆ ಸಿಟ್ಟು ಬಂದದ್ದು ಅವರ ಮೇಲೆಯೇ.

"ಇದೇನ್ರಿ ಇದು? ಸೀರೆ ಅಂಗಡಿ ಮುಂದಿನ ಬೀದೀಲೈತೆ. ಇದು ಫೋಟೋ ಸ್ಟುಡಿಯೋ," ಅಂದೆ.

"ಗೊತ್ತೈತೆ ಕಣ್ರೀ. ಅಲ್ಲಿಗೂ ಹೋಗಿದ್ದೆ, ವಾಪಸ್ ತಗಳಲ್ಲ ಅಂದ್ರು. ಅವ್ವಂಗೆ ಅಂತ ತರಿಸಿದ್ದು. ಅವ್ವ ಮುಟ್ಟಿದ ಕೂಡ್ಲೇ, ಇದು ಮಗ್ಗದ್ದಲ್ಲ ಬಿಡು ಅಂದ್ಲು. ನಾನು ಸೀರೆ ನೋಡಿ ತಗಂಡಿಲ್ಲ, ಫೋಟೋ ನೋಡಿ ತಗಂಡಿದ್ದು. ಫೋಟೋ ಮೇಲೆ ನಿಮ್ಮ ಸ್ಟುಡಿಯೋ ಹೆಸ್ರೈತೆ."

ಅವರು ಫೋನು ತೆಗೆದು ನನ್ನ ಮುಂದೆ ಹಿಡಿದರು. ಚಿತ್ರ ನನ್ನದೇ. ಕೆಂಪು ಅಂಚು, ಹಸಿರು ಒಡಲು, ಎರಡೂ ಕೂಡುವ ಜಾಗದಲ್ಲಿ ಒಂದು ಎಳೆ ಇನ್ನೊಂದರ ಕೊರಳಿಗೆ ಬಿದ್ದಂತೆ ಹೆಣೆದುಕೊಂಡಿದೆ. ಮೂಲೆಯಲ್ಲಿ ನನ್ನ ಸ್ಟುಡಿಯೋದ ಹೆಸರು. ಕವರಿನೊಳಗಿದ್ದ ಸೀರೆಯನ್ನು ಮಾತ್ರ ನಾನು ಎಂದೂ ಕಂಡವಳಲ್ಲ.

ಚಳ್ಳಕೆರೆಯಲ್ಲಿ ನಾನು ಸ್ಟುಡಿಯೋ ಇಟ್ಟು ಹದಿನಾಲ್ಕು ವರ್ಷ. ಪಾಸ್‌ಪೋರ್ಟ್ ಫೋಟೋ, ಸೀಮಂತ, ನಾಮಕರಣ. ಮ್ಯಾಕ್ರೋ ಲೆನ್ಸ್ ಬೇಕೆನ್ನಿಸಿದ್ದು ಮದುಮಗಳ ಒಡವೆ ತೆಗೆಯುವುದಕ್ಕೆ. ಮಾಮೂಲಿ ಲೆನ್ಸು ಸ್ವಲ್ಪ ಹತ್ತಿರ ಹೋದರೆ ಫೋಕಸ್ ಬಿಟ್ಟುಕೊಡುತ್ತಿತ್ತು. ದಾವಣಗೆರೆಯಲ್ಲಿ ಒಬ್ಬರು ಬಳಸಿ ಬಿಟ್ಟದ್ದನ್ನು ತಂದು ಆರು ತಿಂಗಳು ಅದರ ಜೊತೆ ಜಗಳವಾಡಿದೆ. ಲೆನ್ಸು ಗೇಣಿಗಿಂತ ಹತ್ತಿರ ಹೋದರೆ ಅದರ ನೆರಳೇ ವಸ್ತುವಿನ ಮೇಲೆ ಬೀಳುತ್ತದೆ. ಹರಿತವಾಗಿ ಕಾಣುವುದು ಅಕ್ಕಿಕಾಳಿನ ದಪ್ಪದಷ್ಟು ಮಾತ್ರ, ಅದರ ಹಿಂದೆ ಮುಂದೆ ಎಲ್ಲ ಮಂಜು. ಫೋಕಸ್ ರಿಂಗು ತಿರುಗಿಸುವುದಕ್ಕಿಂತ ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡುವುದು ಸುಲಭ. ಉಸಿರು ಬಿಟ್ಟರೆ ಚಿತ್ರ ಅಲುಗುತ್ತದೆ. ಬೆಳಕನ್ನು ಎದುರಿಂದ ಕೊಟ್ಟರೆ ಬಟ್ಟೆ ಗೋಡೆಯಂತೆ ಚಪ್ಪಟೆ, ಪಕ್ಕದಿಂದ ಕೊಟ್ಟರೆ ಒಂದೊಂದು ಎಳೆಯೂ ಎದ್ದು ನಿಲ್ಲುತ್ತದೆ. ಇವನ್ನೆಲ್ಲ ಯಾರೂ ಕಲಿಸಲಿಲ್ಲ. ಕಡಲೆಕಾಯಿ ಸಿಪ್ಪೆ, ಇರುವೆ, ನನ್ನದೇ ಬಳೆ, ಸಿಕ್ಕಿದ್ದನ್ನೆಲ್ಲ ತೆಗೆದು ಕಲಿತೆ.

ಆ ಸುದ್ದಿ ಕೇಳಿಯೇ ಮುಂದಿನ ಬೀದಿಯ ಸೀರೆ ವ್ಯಾಪಾರಿ ಬಂದದ್ದು. ಮೊಳಕಾಲ್ಮುರಿನ ರೇಷ್ಮೆ ಸೀರೆಯನ್ನು ಫೋನಿನಲ್ಲಿ ಮಾರಬೇಕು, ನೇಯ್ಗೆ ಎದ್ದು ಕಾಣುವಂಥ ಫೋಟೋ ಬೇಕು ಅಂದ. ತನಗೆ ನೇಯ್ದು ಕೊಡುವ ಹೆಂಗಸೊಬ್ಬರ ಮನೆಗೆ ಅವನೇ ಕಳಿಸಿದ.

ಅರವತ್ತು ದಾಟಿದ ಆಕೆ ಕನ್ನಡದ ನಡುವೆ ತೆಲುಗು ಸೇರಿಸಿ ಮಾತಾಡುವವರು. ನಾನು ಅವ್ವ ಅಂದೆ, ಅವರು ನನ್ನನ್ನು ತೆಲುಗಿನಲ್ಲಿ ತಲ್ಲಿ, ಅಂದರೆ ತಾಯಿ, ಅಂದರು. ಮಗ್ಗ ಆಡಿದರೆ ನೆಲವೇ ನಡುಗುತ್ತಿತ್ತು. ಕ್ಯಾಮೆರಾ ಸ್ಟ್ಯಾಂಡ್ ನಿಲ್ಲಿಸಲಾಗದೆ, ಸ್ವಲ್ಪ ಹೊತ್ತು ನಿಲ್ಲಿಸಿ ಅಂತ ಎರಡು ಗಂಟೆ ಅವರ ಕೆಲಸ ಕೆಡಿಸಿದೆ. ದಾರ ಓಡಿಸುವ ಲಾಳಿ ಅಂಚಿಗೆ ಬೇರೆ, ಒಡಲಿಗೆ ಬೇರೆ, ಎರಡರ ದಾರ ಕೂಡುವ ಕಡೆ ಬೆರಳಿಟ್ಟು ತೋರಿಸಿದರು. ಆ ಬೆರಳು ಸಮೇತ ಹತ್ತಾರು ಚಿತ್ರ ತೆಗೆದೆ.

"ಕೈ ಬ್ಯಾಡಮ್ಮ, ಬರೀ ನೇಯ್ಗೆ ಇರ್ಲಿ," ಅಂದ ವ್ಯಾಪಾರಿ. ಕೈಯನ್ನು ಕತ್ತರಿಸಿ ಕೊಟ್ಟೆ. ಚಿತ್ರ ಇನ್ನೂ ಚೆಂದ ಕಂಡಿತೆಂದು ಹಿಗ್ಗಿದ್ದೂ ಉಂಟು.

ಈಗ ಟೀಚರ ಸೀರೆಯನ್ನು ಅದೇ ಲೆನ್ಸಿನ ಕೆಳಗೆ ಹಾಸಿದೆ. ಕಂಪ್ಯೂಟರಿನಲ್ಲಿ ದೊಡ್ಡದಾಗಿ ನೋಡಿದಾಗ ಕೆಂಪೂ ಹಸಿರೂ ಕೂಡುವಲ್ಲಿ ಹೆಣಿಗೆಯೇ ಇಲ್ಲ. ಒಂದೇ ದಾರ ಈ ತುದಿಯಿಂದ ಆ ತುದಿಗೆ ಓಡಿದೆ. ಯಂತ್ರದಲ್ಲಿ ನೇಯ್ದ ಬಟ್ಟೆ. ಟೀಚರು ನನ್ನ ಭುಜದ ಹಿಂದೆ ನಿಂತು ನೋಡುತ್ತಿದ್ದರು. ಸ್ಟುಡಿಯೋ ಬಾಗಿಲು ಹಾಕಿ, ಇಬ್ಬರೂ ಅಂಗಡಿಗೆ ಹೋದೆವು.

"ನಾನು ತೆಗೆದಿದ್ದು ಈ ಸೀರೆನಾ?" ಅಂತ ಕೇಳಿದೆ.

ವ್ಯಾಪಾರಿ ನಕ್ಕ. "ಕೂತ್ಕೊಳ್ರಮ್ಮ. ಬಣ್ಣ ಅದೇ, ಡಿಸೈನ್ ಅದೇ."

"ನೇಯ್ಗೆ ಅದೇ ಅಲ್ಲ."

"ಅಷ್ಟು ಹತ್ರದಿಂದ ಯಾರು ನೋಡ್ತಾರೆ?"

"ಅಷ್ಟು ಹತ್ರದಿಂದ ತೆಗೀರಿ ಅಂತ ನೀವೇ ಹೇಳಿದ್ರಲ್ಲ!"

ಅವನ ನಗು ಹೋಯಿತು. ಬಹುವಚನವೂ ಹೋಯಿತು. "ನೋಡು, ಫೋಟೋ ತೆಗೆಯೋದು ನಿನ್ ಕೆಲ್ಸ, ಮಾರೋದು ನನ್ ಕೆಲ್ಸ. ಫೋಟೋದಾಗೆ ಇಂಥ ಸೀರೇನೇ ಅಂತ ಎಲ್ಲೈತೆ ತೋರ್ಸು. ಮುಖ ಐತಾ, ಮಗ್ಗ ಐತಾ?"

ಅವನು ಹೇಳಿದ್ದು ನಿಜ. ಅಷ್ಟು ಹತ್ತಿರದ ಚಿತ್ರಕ್ಕೆ ಊರಿಲ್ಲ, ಒಡೆಯರಿಲ್ಲ. ಯಾವ ಬಟ್ಟೆಗೆ ಬೇಕಾದರೂ ಅಂಟಿಸಬಹುದು. ಹಾಗೆ ಅಂಟಿಸಲು ಅಡ್ಡವಾಗಿದ್ದ ಒಂದೇ ಒಂದು ಕೈಯನ್ನು ನಾನೇ ತೆಗೆದು ಕೊಟ್ಟಿದ್ದೆ.

ಮರುದಿನ, ಟೀಚರು ನನ್ನ ಬಳಿ ಬಿಟ್ಟುಹೋದ ಆ ಸೀರೆ ಹಿಡಿದು ಮೊಳಕಾಲ್ಮುರಿನ ಬಸ್ಸು ಹತ್ತಿದೆ. ನೇಯುವ ಅವ್ವ ಮಗ್ಗಕ್ಕೆ ಬಟ್ಟೆ ಹೊದಿಸಿದ್ದರು. ಮೂರು ತಿಂಗಳಿಂದ ವ್ಯಾಪಾರಿ ಸೀರೆಯನ್ನೇ ಕೇಳಿಲ್ಲವಂತೆ. ಕೇಳುವುದಾದರೂ ಯಾಕೆ, ಅವರ ಸೀರೆಯ ಚಿತ್ರ ತೋರಿಸಿ ಬೇರೆಯದನ್ನು ಮಾರುತ್ತಿದ್ದನಲ್ಲ. ಫೋನಿನ ಚಿತ್ರ ತೋರಿಸಿದೆ. ಆಕೆ ಫೋನನ್ನು ಕಣ್ಣ ಹತ್ತಿರ ಹಿಡಿದು ನೋಡಿದರು.

"ಇದು ನಂದೇ. ನನ್ ಕೈ ಎಲ್ಲಿ?"

"ನಾನೇ ತೆಗೆದೆ ಅವ್ವ."

"ಎಂದುಕು ತಲ್ಲೀ? ಯಾಕೆ ತೆಗೆದೆ? ಎರಡು ಗಂಟೆ ಮಗ್ಗ ನಿಲ್ಸಿ ಕೂತಿದ್ದೆ ನಿಂಗೋಸ್ಕರ. ಆ ಕೈ ನಿಂಗೇನು ಮಾಡಿತ್ತು?"

ಬಯ್ಯಲಿ ಎಂದು ನಿಂತೆ. ಬೈದರು. ತೆಲುಗಿನಲ್ಲಿ ಬೈದದ್ದು ಅರ್ಧ ಅರ್ಥವಾಯಿತು, ಅಷ್ಟೇ ಸಾಕಾಗಿತ್ತು. ಆಮೇಲೆ ಟೀಚರ ಸೀರೆಯ ಅಂಚನ್ನು ಉಗುರಿನಿಂದ ಸವರಿ ನೋಡಿ, ಒಳಗಿನಿಂದ ತಮ್ಮದೊಂದು ಸೀರೆ ತಂದರು. ಅದರ ಅಂಚಿನುದ್ದಕ್ಕೂ ಸೂಜಿಮೊನೆಯಷ್ಟು ತೂತುಗಳು.

"ಬಟ್ಟೆ ಬಿಗಿಯಾಗಿರ್ಲಿ ಅಂತ ಮಗ್ಗದಾಗೆ ಅಡ್ಡ ಕಡ್ಡಿ ಕಟ್ತೀವಿ. ತುದೀಗೆ ಮೊಳೆ ಇರ್ತಾವೆ. ಅವು ಚುಚ್ಚಿದ್ದು ಇದು. ಆ ಸೀರೆಯಾಗೆ ಎಲ್ಲೈತೆ ತೋರ್ಸು."

ಅಂದು ಬೇರೆ ಥರ ಚಿತ್ರ ತೆಗೆದೆ. ಮೊದಲು ದೂರದಿಂದ ಆಕೆ, ಮಗ್ಗ, ಮಡಿಲಲ್ಲಿ ಸೀರೆ. ಆಮೇಲೆ ಒಂದೊಂದು ಹೆಜ್ಜೆ ಹತ್ತಿರ, ಎಲ್ಲದರಲ್ಲೂ ಬೆರಳು. ಕೊನೆಗೆ ತೂತು, ಹೆಣಿಗೆ. ಪಕ್ಕದಲ್ಲಿ ಟೀಚರ ಸೀರೆಯ ಅದೇ ಜಾಗ. ಇವನ್ನೆಲ್ಲ ದೊಡ್ಡದಾಗಿ ಪ್ರಿಂಟ್ ಹಾಕಿ ಸ್ಟುಡಿಯೋದ ಗಾಜಿಗೆ ಬೀದಿಯ ಕಡೆ ಅಂಟಿಸಿದೆ. ಮೇಲೆ ಒಂದೇ ಸಾಲು: 'ಸೀರೆ ಕೊಳ್ಳುವ ಮೊದಲು ಇದನ್ನು ನೋಡಿ.' ಅಂಗಡಿಯ ಹೆಸರು ಹಾಕಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ, ವಾರದೊಳಗೆ ಸಂತೆಗೆ ಬಂದವರೆಲ್ಲ ಗಾಜಿಗೆ ಮೂಗು ತಾಗಿಸಿ ನೋಡಿ ತಾವೇ ಆ ಹೆಸರು ಹೇಳತೊಡಗಿದರು.

ನನ್ನ ಸ್ಟುಡಿಯೋ ಇರುವ ಮಳಿಗೆಯ ಮಾಲೀಕರು ಬಂದು, "ಯಾಕಮ್ಮ ಊರ ಉಸಾಬರಿ, ಕಿತ್ತಾಕು," ಅಂದರು. ಕೀಳಲಿಲ್ಲ. ವ್ಯಾಪಾರಿಯ ನೆಂಟರ ಎರಡು ಮದುವೆಯ ಕೆಲಸ ನನ್ನ ಕೈ ತಪ್ಪಿತು. ಟೀಚರ ಸೀರೆಯನ್ನು ಅವನು ತೆಪ್ಪಗೆ ವಾಪಸ್ ಪಡೆದ. ಟೀಚರು ಅದೇ ವಾರ ತಮ್ಮ ಅವ್ವನನ್ನು ಕರೆದುಕೊಂಡು ಮೊಳಕಾಲ್ಮುರಿಗೆ ಹೋಗಿ ನೇಯುವಾಕೆಯ ಮನೆಯಲ್ಲೇ ಸೀರೆ ಕೊಂಡರು. ಆಮೇಲೆ ಇನ್ನೂ ಕೆಲವರು ಹೋದರು. ಮಗ್ಗ ಮತ್ತೆ ಆಡುತ್ತಿದೆ, ಮೊದಲಿನಷ್ಟಲ್ಲ.

ವ್ಯಾಪಾರಿ ಫೋನಿನಲ್ಲಿ ತೋರಿಸುತ್ತಿದ್ದ ನನ್ನ ಚಿತ್ರವನ್ನು ತೆಗೆದುಹಾಕಿದ್ದಾನೆ. ಅದರ ಜಾಗಕ್ಕೆ ಇನ್ಯಾರೋ ಇನ್ನೆಲ್ಲಿಯೋ ತೆಗೆದ ಮತ್ತೊಂದು ನೇಯ್ಗೆಯ ಚಿತ್ರ ಬಂದಿದೆ. ಹರಿತವಾಗಿದೆ, ಬೆಳಕು ಪಕ್ಕದಿಂದ ಬಿದ್ದಿದೆ, ಚೆನ್ನಾಗಿ ಕಲಿತವರೇ ತೆಗೆದದ್ದು. ಅವರು ಯಾರೆಂದು ಹುಡುಕುತ್ತಿದ್ದೇನೆ.