ಮಳೆಗೆ ಮುಂಚೆ ಕಾಗಾಲಕ್ಕೆ ಹೋಗುವ ಕಾರು

ಧಾರೇಶ್ವರದ ದೇವಸ್ಥಾನಕ್ಕೆ ಹೋಗಿ ಕುಮಟೆಗೆ ವಾಪಸು ಬರುವಾಗ ಎದುರಿನಿಂದ ಒಂದು ಪಿಕಪ್ ಬಂದು ನಮ್ಮ ಅಂಬಾಸಿಡರಿಗೆ ಗುದ್ದಿತು. ತಪ್ಪು ನನ್ನದಲ್ಲ, ಮೊದಲೇ ಹೇಳಿಬಿಡುತ್ತೇನೆ. ಹೆದ್ದಾರಿ ಅಗಲವಾದ ಮೇಲೆ ನಮ್ಮ ಕಡೆಯ ಕೆಲವರಿಗೆ ಹೋಗುವ ರಸ್ತೆ ಬರುವ ರಸ್ತೆ ಎಂಬ ಭೇದವೇ ಇಲ್ಲ. ಮುಂದೆ ಹೋಗಿ ತಿರುಗಿಸಿಕೊಂಡು ಬರಲು ಸೋಮಾರಿತನ. ಆ ಪುಣ್ಯಾತ್ಮ ಚಿರೇಕಲ್ಲು ತುಂಬಿಕೊಂಡು ನಮ್ಮ ರಸ್ತೆಯ ಅಂಚಿನಲ್ಲೇ ಎದುರು ಬಂದ. ನಾನು ಬ್ರೇಕು ತುಳಿದು ಬಲಕ್ಕೆ ಎಳೆದೆ. ಎಡಗಡೆಯ ಮೂತಿ ಪೂರ್ತಿ ಒಳಗೆ ಹೋಯಿತು.

ಸದ್ದು ನಿಂತ ಮೇಲೆ ಹಿಂದೆ ತಿರುಗಿ ನೋಡಲು ನನಗೆ ಧೈರ್ಯವೇ ಬರಲಿಲ್ಲ. ಹಿಂದಿನ ಸೀಟಿನಲ್ಲಿ ಆಯಿ ಕೂತಿದ್ದಳು. ಎಂಬತ್ತು ದಾಟಿದ ನನ್ನ ತಾಯಿ. ಕಷ್ಟಪಟ್ಟು ಕತ್ತು ತಿರುಗಿಸಿದರೆ, ಆಯಿ ಕೂತಲ್ಲೇ ಕೂತಿದ್ದಾಳೆ! ಕನ್ನಡಕ ಮಾತ್ರ ಕಾಲಬುಡಕ್ಕೆ ಬಿದ್ದಿದೆ. ಮಡಿಲಲ್ಲಿ ಪ್ರಸಾದದ ಬಾಳೆಲೆ ಮಡಚಿದ್ದು ಮಡಚಿದ ಹಾಗೇ ಇದೆ, ಅದರ ಮೇಲಿನ ಹೂವೂ ಜಾರಿಲ್ಲ. ಅದನ್ನು ನೋಡಿ ನನಗೆ ಮೈ ಜುಂ ಎಂದಿತು. ಈಗ ನೆನೆಸಿಕೊಂಡರೂ ಹಾಗೇ ಆಗುತ್ತದೆ.

"ಕಾರಿಗೆ ಎಂತಾತು ಕೂಸೇ?" ಎಂದು ಕೇಳಿದಳು. ಮಗಳಿಗೆ ಎಂತಾಯಿತು ಎಂದಲ್ಲ, ಕಾರಿಗೆ.

ನಾನು ಇಳಿದು ಪಿಕಪ್ಪಿನವನಿಗೆ ಬಾಯಿಗೆ ಬಂದ ಹಾಗೆ ಬೈದೆ. ನನ್ನ ಬಾಯಿ ಕುಮಟೆಯಲ್ಲಿ ಪ್ರಸಿದ್ಧ. ಬೈದು ಬೈದು ಗಂಟಲು ಒಣಗಿದಾಗ ಅವನೇ ತನ್ನ ಗಾಡಿಯಿಂದ ನೀರಿನ ಬಾಟಲಿ ತಂದುಕೊಟ್ಟ. ಕುಡಿದು ಮತ್ತೆ ಬೈದೆ.

ಕಾರು ಅಪ್ಪಯ್ಯನದು. ಹೊನ್ನಾವರದ ಕೋರ್ಟಿನಲ್ಲಿ ವಕೀಲಿಕೆ ಮಾಡುತ್ತಿದ್ದ ಅಪ್ಪಯ್ಯ ಅದರಲ್ಲೇ ದಿನಾ ಹೋಗಿ ಬರುತ್ತಿದ್ದರು. ಅವರು ತೀರಿಕೊಂಡ ಮೇಲೆ ಆಯಿ ನಮ್ಮ ಮನೆಗೆ ಬಂದಳು, ಅವಳ ಜೊತೆ ಕಾರೂ ಬಂತು. ನಮ್ಮನೆಯವರಿಗೆ ಆ ಕಾರೆಂದರೆ ಅಷ್ಟಕ್ಕಷ್ಟೆ. ಗುದ್ದಿಸಿಕೊಂಡ ಸಂಜೆಯೇ ಅವರು ಶುರುಮಾಡಿದರು. "ಇನ್ನು ಸಾಕು. ಅದನ್ನು ಗುಜರಿಗೆ ಹಾಕಿ ಹೊಸದು ತಗೊಳ್ಳುವಾ. ಏರ್‌ಬ್ಯಾಗ್ ಇಲ್ಲ, ಬೆಲ್ಟ್ ಇಲ್ಲ. ಇವತ್ತು ಬಚಾವಾದದ್ದು ನಿನ್ನ ಡ್ರೈವಿಂಗಿನಿಂದಲ್ಲ, ದೇವರ ದಯದಿಂದ."

ಸಿಟ್ಟು ಬಂತು. ಆದರೆ ಅವರು ಹೇಳಿದ್ದರಲ್ಲಿ ಸುಳ್ಳೇನಿತ್ತು? ಅವರಿಗೂ ಆಯಿಯ ಮೇಲೆ ಪ್ರೀತಿ ಇದೆ. ಅದಕ್ಕೇ ಹೆದರಿದ್ದರು.

ತೊಂದರೆ ಎಲ್ಲಿತ್ತೆಂದರೆ, ಆಯಿಗೆ ಬೇರೆ ಕಾರು ಆಗಿಬರುವುದಿಲ್ಲ. ಗಾಜು ಮುಚ್ಚಿ ಎಸಿ ಹಾಕುವ ಯಾವ ಹೊಸ ಕಾರಿನಲ್ಲಿ ಕೂರಿಸಿದರೂ ಊರು ದಾಟಿ ಹಂದಿಗೋಣ ಬರುವುದರೊಳಗೆ ವಾಂತಿ. ಗಾಜು ಇಳಿಸಿ ನೋಡಿದೆವು, ನಿಂಬೆಹಣ್ಣು ಕೊಟ್ಟು ನೋಡಿದೆವು, ಮಾತ್ರೆ ನುಂಗಿಸಿ ನೋಡಿದೆವು. ಅಂಬಾಸಿಡರಿನ ಹಿಂದಿನ ಸೀಟಿನಲ್ಲಿ ಮಾತ್ರ ಮಹಾರಾಣಿಯ ಹಾಗೆ ಕೂತು ಎಲ್ಲಿಗೆ ಬೇಕಾದರೂ ಬರುತ್ತಾಳೆ. ಸೋಮವಾರ ಧಾರೇಶ್ವರ, ನೆಂಟರ ಮನೆಯ ಮದುವೆ ಮುಂಜಿ, ಹೊನ್ನಾವರದಲ್ಲಿರುವ ಅವಳ ತಂಗಿಯ ಮನೆ. ಈ ಕಾರು ಹೋಯಿತೆಂದರೆ ಆಯಿಯ ತಿರುಗಾಟ ಅಲ್ಲಿಗೇ ಮುಗಿಯಿತು. ಆಮೇಲೆ ಅವಳಿಗೆ ಲೋಕ ಎಂದರೆ ನಮ್ಮನೆಯ ಜಗಲಿ. ಇದು ಮೂವರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆಯಿಯಂತೂ ಆ ಸುದ್ದಿ ಎತ್ತಿದಾಗಲೆಲ್ಲ ಎದ್ದು ಒಳಗೆ ಹೋಗುತ್ತಿದ್ದಳು.

ಕುಮಟೆಯ ಗ್ಯಾರೇಜಿನವರು ನೋಡಿ ತಲೆಯಾಡಿಸಿದರು. ಇಂಥ ಕಾರಿಗೆ ಈಗ ಯಾರೂ ಕೈ ಹಾಕುವುದಿಲ್ಲ, ಭಟ್ಕಳದ ಹೆಬಳೆಯಲ್ಲಿ ಹಳೇ ಕಾರುಗಳ ಟಿಂಕರಿಂಗ್ ಮಾಡುವ ಸಾಹೇಬರೊಬ್ಬರು ಇದ್ದಾರೆ, ಅವರಲ್ಲಿ ಕೇಳಿ ಎಂದರು. ಕಾರನ್ನು ಲಾರಿಯ ಮೇಲೆ ಹೇರಿ ಕಳಿಸಿದೆವು. ಸಾಹೇಬರು ಫೋನಿನಲ್ಲಿ ಒಂದೇ ಮಾತು ಹೇಳಿದರು. "ಮುಂದಿನದು ಬಡಿದು ಸರಿ ಮಾಡ್ಬಹುದು ಅಕ್ಕಾ, ಅದು ದೊಡ್ಡ ವಿಷಯ ಅಲ್ಲ. ಅಡಿ ನೋಡ್ಬೇಕು. ಸಮುದ್ರದ ಬದಿಯ ಗಾಡಿ. ಅಡಿಯ ತಗಡು ತುಕ್ಕು ತಿಂದಿದ್ರೆ ನಾನೂ ಬೇಡ ಅಂತೇನೆ, ನೀವೂ ಸುಮ್ಮನೆ ಹೊಸದು ತಗೊಳ್ಳಿ."

ಅಲ್ಲಿಗೆ ನಾನು ಆಸೆ ಬಿಟ್ಟೆ. ನಮ್ಮ ಗಾಳಿಯಲ್ಲಿ ಉಪ್ಪು, ನೀರಿನಲ್ಲಿ ಉಪ್ಪು. ಗೇಟಿನ ಸರಳು ಕೆಲವೇ ವರ್ಷಕ್ಕೆ ಕೈಯಲ್ಲಿ ಪುಡಿಯಾಗುತ್ತದೆ. ಹೊಸ ಸ್ಕೂಟರಿನ ಅಡಿಯೇ ಕೆಂಪಾಗುವ ಊರಿನಲ್ಲಿ ಅಪ್ಪಯ್ಯನ ಕಾಲದ ಕಾರಿನ ಅಡಿ ಉಳಿದಿರುವುದುಂಟೆ?

ಸಾಹೇಬರು ಬಿಚ್ಚಿ ನೋಡುವ ದಿನ ಆಯಿ ತಾನೂ ಬರುತ್ತೇನೆಂದು ಹಟ ಹಿಡಿದಳು. "ನಾನೂ ಬತ್ತೆ. ಎಂತದೇ ಆಗ್ಲಿ, ಕಣ್ಣಲ್ಲಿ ನೋಡಕ್ಕು." ಬಾಡಿಗೆ ಕಾರು ಮಾಡಿದೆವು. ಪಾಪ, ಶರಾವತಿ ಸೇತುವೆ ದಾಟುವುದರೊಳಗೆ ವಾಂತಿಯಾಗಿ ಅವಳ ಮುಖ ಬಿಳುಚಿಕೊಂಡಿತ್ತು. ರಸ್ತೆ ಬದಿಗೆ ನಿಲ್ಲಿಸಿದೆವು, ಮತ್ತೆ ಹೊರಟೆವು, ಮತ್ತೆ ನಿಲ್ಲಿಸಿದೆವು. ಬೆನ್ನು ನೀವುತ್ತಾ ನಾನು ನಮ್ಮನೆಯವರ ಮುಖ ನೋಡಿದೆ. ಅವರು ಸಮುದ್ರದ ಕಡೆ ನೋಡಿದರು.

ಇಲ್ಲಿ ಕಾಗಾಲದವನ ಸುದ್ದಿ ಹೇಳಬೇಕು. ಅಘನಾಶಿನಿ ಸಮುದ್ರ ಸೇರುವಲ್ಲಿ ದೋಣಿ ಇಟ್ಟುಕೊಂಡಿರುವ ಮೀನುಗಾರ ಅವನು. ಯಾವುದೋ ಜಾಗದ ಕೇಸು ಹಿಡಿದುಕೊಂಡು ಅಪ್ಪಯ್ಯನ ಹತ್ತಿರ ಬಂದವನು ಕೊನೆಗೆ ಅವರಿಗೆ ಜೀವದ ಗೆಳೆಯನಾದ. ನಮ್ಮದು ಕಟ್ಟುನಿಟ್ಟಿನ ಸಸ್ಯಾಹಾರದ ಮನೆ. ಆಯಿಯ ಎದುರು ಮೀನು ಎಂಬ ಮಾತನ್ನೂ ಎತ್ತುವ ಹಾಗಿಲ್ಲ. ಆದರೂ ಅವನು ಬಂದರೆ ಜಗಲಿಯಲ್ಲಿ ಕೂರಿಸಿ ಚಹಾ ಕೊಡುತ್ತಿದ್ದಳು. ಅಪ್ಪಯ್ಯ ಹೋದ ಮೇಲೂ ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ಅವನು ಬಂದು ತಲೆ ಕೆರೆದುಕೊಳ್ಳುತ್ತಾ ನಿಲ್ಲುತ್ತಿದ್ದ. "ಅಮ್ಮಾ, ಮನೆಲಿ ಒಂದು ಕಾರ್ಯ ಇತ್ತು. ಒಂದು ದಿವ್ಸಕ್ಕೆ ಕಾರು ಸಿಕ್ಕಿದ್ರೆ ಆಗ್ತಿತ್ತು."

ನನಗೆ ಮೈ ಉರಿಯುತ್ತಿತ್ತು. ಪ್ರತಿ ವರ್ಷ ಅದೇ ಹೊತ್ತಿಗೆ ಅದೆಂಥ ಕಾರ್ಯ? ಅದೂ ನಮ್ಮ ಕಾರೇ ಆಗಬೇಕೆ? ಮರುದಿನ ವಾಪಸು ಬಂದ ಕಾರಿನಲ್ಲಿ ಮೀನಿನ ವಾಸನೆ! ಮೂಗು ಮುಚ್ಚಿಕೊಂಡು ಸೀಟಿಗೆಲ್ಲ ಸಾಬೂನು ಹಾಕಿ ತಿಕ್ಕುತ್ತಿದ್ದೆ. "ನೆಂಟರನ್ನ ತುಂಬ್ಕಂಡು ಹೋಗಿದ್ನೋ ಮೀನಿನ ಬುಟ್ಟಿ ತುಂಬ್ಕಂಡು ಹೋಗಿದ್ನೋ" ಎಂದು ಆಯಿಗೆ ಕೇಳುವ ಹಾಗೆ ಗೊಣಗುತ್ತಿದ್ದೆ. ಆಯಿ ಕಿವಿಯ ಮೇಲೇ ಹಾಕಿಕೊಳ್ಳುತ್ತಿರಲಿಲ್ಲ. ಮುಂದಿನ ವರ್ಷ ಅವನು ಬಂದಾಗ ಮತ್ತೆ ಅದೇ ಮಾತು. "ಕೀ ಕೊಟ್ಟು ಕಳ್ಸು."

ಹೆಬಳೆಯಲ್ಲಿ ಕಾರನ್ನು ಗ್ಯಾರೇಜಿನ ನೆಲದಲ್ಲಿ ತೋಡಿದ ಹೊಂಡದ ಮೇಲೆ ನಿಲ್ಲಿಸಿದ್ದರು. ಸಾಹೇಬರು ಕೈಯಲ್ಲಿ ಸ್ಕ್ರೂಡ್ರೈವರ್ ಮತ್ತು ಟಾರ್ಚು ಹಿಡಿದು ಕೆಳಗಿಳಿದರು. ಇಳಿಯುವ ಮೊದಲು ನಮ್ಮನ್ನು ನೋಡಿ, "ಈ ಕಡೆಯ ಗಾಡಿಗೆ ಹೀಗೆ ಚುಚ್ಚಿದ್ರೆ ಹಪ್ಪಳದ ಹಾಗೆ ಮುರೀತದೆ. ಬೇಜಾರು ಮಾಡ್ಕೊಬೇಡಿ" ಎಂದರು. ಆಯಿ ಸ್ಟೂಲಿನ ಮೇಲೆ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

ಟಕ್ ಎಂದು ಒಂದು ಸದ್ದು. ಸ್ವಲ್ಪ ಆಚೆಗೆ ಇನ್ನೊಂದು. ಗಟ್ಟಿ ತಗಡಿನ ಸದ್ದು. ಹಿಂದಿನ ಚಕ್ರದ ಹತ್ತಿರ, ಬಾಗಿಲಿನ ಅಡಿಗೆ, ಮತ್ತೆ ನಡುವಿಗೆ. ಎಲ್ಲಾ ಕಡೆ ಅದೇ ಟಕ್. ನಂತರ ಸಾಹೇಬರ ದನಿ ಬಂತು.

"ಮಾಶಾಲ್ಲಾ! ಅಕ್ಕಾ, ಇಲ್ಲಿ ಬನ್ನಿ, ಇಲ್ಲಿ ಬನ್ನಿ!"

ನಾನು ಸೀರೆ ಎತ್ತಿ ಕಟ್ಟಿಕೊಂಡು ಹೊಂಡಕ್ಕೆ ಇಳಿದೆ. ನಮ್ಮನೆಯವರೂ ಇಳಿದರು. ಟಾರ್ಚಿನ ಬೆಳಕಿನಲ್ಲಿ ಕಾರಿನ ಅಡಿ ಕಂಡಿತು. ಏನೆಂದು ಹೇಳಲಿ? ಒಂದು ತೂತಿಲ್ಲ. ಒಂದು ಕೆಂಪು ಕಲೆಯಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಕಪ್ಪಗೆ, ದಪ್ಪಗೆ, ತಲೆಮಾರಿನಿಂದ ದೋಸೆ ಎರೆದ ಕಾವಲಿಯ ಹಾಗೆ ಮಿರಮಿರ ಮಿಂಚುತ್ತಿದೆ. ಅಷ್ಟು ಮಳೆಗಾಲಗಳು ಅದರ ಮೇಲೆ ಹಾದುಹೋಗಿವೆ, ಅಷ್ಟು ಉಪ್ಪುನೀರು ಎರಚಿದೆ, ಒಂದೂ ಒಳಗೆ ಹೋಗಿಲ್ಲ. ದೇವಸ್ಥಾನದ ಗರ್ಭಗುಡಿಯೆದುರು ನಿಂತಾಗಲೂ ನನ್ನ ಬಾಯಿ ಅಷ್ಟು ಸುಮ್ಮನಾದದ್ದಿಲ್ಲ. ಕೈಯೆತ್ತಿ ಮುಟ್ಟಿದೆ. ಬೆರಳಿಗೆ ಜಿಡ್ಡು ಅಂಟಿತು.

ಸಾಹೇಬರು ತಮ್ಮ ಬೆರಳನ್ನು ಮೂಸಿ ನಕ್ಕರು. "ಮೀನೆಣ್ಣೆ. ದೋಣಿಗೆ ಹಚ್ತಾರಲ್ಲ, ಅದೇ. ಪದರ ಪದರ ಕೂತಿದೆ ನೋಡಿ. ಮೇಲಿಂದು ಹೋದ ಮಳೆಗಾಲಕ್ಕೆ ಹಚ್ಚಿದ್ದು ಇರ್ಬೇಕು. ಯಾರು ಹಚ್ಚಿದ್ದು?"

ಕಾಗಾಲದವನ ಕಾರ್ಯ! ಮಳೆಗೆ ಮುಂಚೆ ದೋಣಿಗಳನ್ನು ದಡಕ್ಕೆಳೆದು ಎಣ್ಣೆ ಹಚ್ಚುವ ಹೊತ್ತಿಗೇ ಅವನಿಗೆ ಪ್ರತಿ ವರ್ಷ ಕಾರು ಬೇಕಾಗುತ್ತಿದ್ದದ್ದು ಅದಕ್ಕೆ. ಅಪ್ಪಯ್ಯನೂ ಅದೇ ದಿನಗಳಲ್ಲಿ ಕಾರನ್ನು ಸರ್ವಿಸಿಗೆ ಒಯ್ಯುತ್ತೇನೆಂದು ಹೋಗಿ ಇಡೀ ದಿನ ಕಾಣೆಯಾಗುತ್ತಿದ್ದರು. ಅಯ್ಯೋ ದೇವರೇ, ಆಯಿ ಮಡಿಸೀರೆ ಉಟ್ಟು ಧಾರೇಶ್ವರಕ್ಕೆ ಹೋಗುತ್ತಿದ್ದದ್ದು ಮೀನೆಣ್ಣೆ ಮೆತ್ತಿದ ಕಾರಿನಲ್ಲಿ! ಇನ್ನು ರಣರಂಪ ಎಂದುಕೊಂಡು ಹೊಂಡದಿಂದ ತಲೆಯೆತ್ತಿ ನೋಡಿದೆ.

ಆಯಿ ಸ್ಟೂಲಿನಿಂದ ಎದ್ದು ಅಂಚಿಗೆ ಬಂದು ಬಗ್ಗಿ ನೋಡುತ್ತಿದ್ದಳು.

"ಚೊಲೋ ಹಚ್ಚಿದ್ದ" ಎಂದಳು.

"ಆಯಿ, ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೇ ಎಂತ? ನಿನ್ನ ಅಪ್ಪಯ್ಯನ ಆ ದಿನದ ಅಂಗಿಗೆ ಹಿತ್ಲಲ್ಲಿ ಬೇರೆ ಸೋಪೇ ಇತ್ತು."

"ಮತ್ತೆ ಒಂದು ದಿನನೂ ಹೇಳಿದ್ದಿಲ್ಲೆ?"

"ನಂಗೆ ಗೊತ್ತಿದ್ದು ಹೇಳಿದ್ರೆ ಬ್ಯಾಡ ಹೇಳಲೇ ಬೇಕಾಗ್ತಿತ್ತು. ಬ್ಯಾಡ ಹೇಳಿದ್ರೆ ಕಾರು ಉಳೀತಿತ್ತಿಲ್ಲೆ."

ಅಷ್ಟು ಹೇಳಿ ಹೋಗಿ ಸ್ಟೂಲಿನ ಮೇಲೆ ಕೂತಳು. ನಾನು ಹೊಂಡದಲ್ಲೇ ನಿಂತಿದ್ದೆ, ತಲೆಯ ಮೇಲೆ ಆ ಕಪ್ಪು ಅಡಿ. ಗಂಡ ಬಚ್ಚಿಟ್ಟದ್ದನ್ನು ಹೆಂಡತಿ ಜೀವಮಾನವಿಡೀ ಬಚ್ಚಿಟ್ಟಿದ್ದಳು. ಅವರು ಹೋದ ಮೇಲೂ ವರ್ಷಾ ವರ್ಷಾ ಕೀ ಕೊಟ್ಟು ಕಳಿಸಿದ್ದಳು. ನನ್ನ ಗೊಣಗಾಟವನ್ನೆಲ್ಲ ಕೇಳಿಸಿಕೊಂಡೂ ಉಸಿರೆತ್ತಿರಲಿಲ್ಲ. ಇಂಥ ಹೆಂಗಸಿನ ಹೊಟ್ಟೆಯಲ್ಲಿ ನನ್ನಂಥ ಬಾಯಿಬಡುಕಿ ಹೇಗೆ ಹುಟ್ಟಿದೆನೋ!

ನಮ್ಮನೆಯವರು ಕೈಯ ಜಿಡ್ಡು ಒರೆಸಿಕೊಳ್ಳುತ್ತಾ ಸಾಹೇಬರನ್ನು ಕೇಳಿದರು. "ಹಿಂದಿನ ಸೀಟಿಗೂ ಬೆಲ್ಟ್ ಹಾಕಿಕೊಡಲು ಆಗ್ತದಾ?"

"ಅಡಿ ಇಷ್ಟು ಗಟ್ಟಿ ಇದ್ಮೇಲೆ ಯಾಕಾಗಲ್ಲ?"

"ಹಾಗಾದ್ರೆ ರಿಪೇರಿ ಮಾಡಿ" ಎಂದರು. ಆಯಿ ಬೆರಳಿಗೆ ಸುತ್ತಿಕೊಂಡಿದ್ದ ಸೆರಗು ಬಿಟ್ಟಳು. ವಾಪಸು ಬರುವಾಗ ಬಾಡಿಗೆ ಕಾರಿನಲ್ಲಿ ಮತ್ತೆ ವಾಂತಿ ಮಾಡಿದಳು, ಆದರೆ ನಡುನಡುವೆ ನಗುತ್ತಿದ್ದಳು.

ಕಾರು ಸರಿಯಾಗಿ ಮನೆಗೆ ಬಂತು. ಎಡಗಡೆಯ ಬಣ್ಣ ಒಂದು ಚೂರು ಬೇರೆ ಕಾಣುತ್ತದೆ, ಹೋಗಲಿ. ಮಳೆ ಇನ್ನೇನು ಬಂತು ಎನ್ನುವಾಗ ಕಾಗಾಲದವನೂ ಬಂದ. ಅವನಿಗೂ ಈಗ ವಯಸ್ಸಾಗಿದೆ, ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದುಕೊಳ್ಳುತ್ತಾನೆ. ಜಗಲಿಯ ತುದಿಯಲ್ಲಿ ನಿಂತು ತಲೆ ಕೆರೆದುಕೊಂಡ.

"ಅಮ್ಮಾ, ಮನೆಲಿ ಒಂದು ಕಾರ್ಯ ಇತ್ತು..."

"ಎಂತ ಕಾರ್ಯನೂ ಇಲ್ಲ ಮಾರಾಯಾ" ಎಂದಳು ಆಯಿ. "ಈ ಸಲ ಮುಂದೆ ಹೊಸ ತಗಡು ಹಾಕಿದ್ದಾರೆ. ಅದಕ್ಕೆ ಎರಡು ಕೈ ಜಾಸ್ತಿ ಹಚ್ಚು. ನಾನೂ ಬರ್ತೇನೆ."

ಅವನು ಕಂಬ ಹಿಡಿದುಕೊಂಡ. ಆಯಿಯನ್ನು ನೋಡಿದ, ನನ್ನನ್ನು ನೋಡಿದ. "ವಕೀಲ್ರು ಹೇಳಿದ್ರು ಅಮ್ಮಾ" ಎಂದ. "ಹುಷಾರಿಲ್ದೇ ಮಲಗಿದಾಗ ಹೇಳಿದ್ರು. ಅವಳಿಗೆ ಬೇರೆ ಕಾರು ಆಗೂದಿಲ್ಲ, ಇದನ್ನ ಹಾಳಾಗೂಕೆ ಬಿಡಬೇಡ, ಮನೆಲಿ ಗೊತ್ತಾಗೂದು ಬೇಡ ಅಂತ."

ಆಯಿ ಒಳಗೆ ಹೋಗಿ ಚಹಾ ತಂದಳು. "ಆತು, ಚಹಾ ಕುಡಿ" ಎಂದಳು.

ನಾನೇ ಕಾರು ಓಡಿಸಿಕೊಂಡು ಹೋದೆ. ಕಾಗಾಲದ ದಡದಲ್ಲಿ ದೋಣಿಗಳನ್ನೆಲ್ಲ ಎಳೆದು ಕವುಚಿ ಹಾಕಿದ್ದರು. ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದಾಗ ಬಂದ ನಾತಕ್ಕೆ ನಾನು ಮುಖ ಸಿಂಡರಿಸಿ ಹತ್ತು ಮಾರು ದೂರ ಓಡಿದೆ. ಆಯಿಗೆ ಮರದ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟಿದ್ದರು. ಅವಳು ಮೂಗಿಗೆ ಸೆರಗನ್ನೂ ಹಿಡಿಯಲಿಲ್ಲ. ಅವನು ಕಾರಿನ ಅಡಿಗೆ ಮಲಗಿ ಬಟ್ಟೆಯ ಉಂಡೆಯನ್ನು ಎಣ್ಣೆಯಲ್ಲಿ ಅದ್ದಿ ಹಚ್ಚುವುದನ್ನೇ ನೋಡುತ್ತಿದ್ದಳು.

ಅವನು ಹೊರಗೆ ಬಂದು ಬೆವರು ಒರೆಸಿಕೊಂಡಾಗ ಕೇಳಿದಳು. "ಅವರು ಎಲ್ಲಿ ಕೂತ್ಕೊಳ್ತಿದ್ರು?"

ಅವನು ಕೈಯೆತ್ತಿ, ಕವುಚಿ ಹಾಕಿದ ಒಂದು ಹಳೇ ದೋಣಿಯ ಬದಿಯನ್ನು ತೋರಿಸಿದ. ಅಲ್ಲಿ ನೆರಳೂ ಸರಿಯಾಗಿರಲಿಲ್ಲ. ಆಯಿ ಕುರ್ಚಿಯಿಂದ ಎದ್ದಳು, ನನ್ನ ಕೈ ಬೇಡವೆಂದಳು, ಮರಳಿನಲ್ಲಿ ಮೆಲ್ಲಗೆ ನಡೆದುಹೋಗಿ ಆ ದೋಣಿಗೆ ಬೆನ್ನು ಕೊಟ್ಟು ಕೂತಳು.