ಬೆಕ್ಕು ಮಲಗುವ ಜಾಗ

ಹಡಗಲಿಯ ನಮ್ಮ ಮನೆಯಲ್ಲಿ ಫಿನೈಲ್ ಬಿಟ್ಟು ವರ್ಷವಾಗಿತ್ತು. "ಒದ್ದಿ ನೆಲದ ಮ್ಯಾಲೆ ಅಡ್ಡಾಡಿದ ಬೆಕ್ಕು ಆಮ್ಯಾಲೆ ಕಾಲು ನೆಕ್ಕತೈತ್ರಿ. ಫಿನೈಲ್ ಸೀದಾ ಹೊಟ್ಟಿಗೆ ಹೋಗತೈತಿ. ಬಿಸಿನೀರು, ಚೂರು ಸಬಕಾರ ಸಾಕು" ಎಂದು ದನದ ಡಾಕ್ಟರು ಹೇಳಿದ್ದರು. ಅಂದಿನಿಂದ ಹಾಗೇ ಒರೆಸುತ್ತಿದ್ದೆ. ನೆಲ ಒಣಗುವವರೆಗೆ ಬೆಕ್ಕನ್ನು ಹೊರಗೆ ಬಿಡುತ್ತಿದ್ದೆ.

ಹೊರಗೆ ಬಿಟ್ಟರೆ ಅದು ಹೋಗುವುದೆಲ್ಲಿಗೆ? ಪಕ್ಕದ ಮನೆಗೆ. ಅಲ್ಲಿಯ ಅಕ್ಕ ದಿನಾ ಅದಕ್ಕೆ ಹಾಲು ಹಾಕುತ್ತಿದ್ದರು. ಅವರ ನೆಲಕ್ಕೆ ಮಾತ್ರ ಮಲ್ಲಿಗೆ ವಾಸನೆಯ ಫಿನೈಲೇ ಆಗಬೇಕು. ಮಲ್ಲಿಗೆ ಬೆಳೆಯುವ ಊರಿನಲ್ಲಿ ಆ ವಾಸನೆಯನ್ನು ಬಾಟಲಿಯಲ್ಲಿ ಕೊಂಡು ತರುವುದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಬೆಕ್ಕಿಗೆ ಆಗದು, ಬೇಡವೆಂದು ಎಷ್ಟೋ ಸಲ ಹೇಳಿದೆ. "ಫಿನೈಲ್ ಇಲ್ಲದ ಮನಿ ಸ್ವಚ್ಛ ಆಗತೈತೇನ್ ತಂಗಿ?" ಎಂದು ನಕ್ಕುಬಿಡುತ್ತಿದ್ದರು.

ಹೋದ ತಿಂಗಳು ಬೆಕ್ಕು ಹಾಲು, ಅನ್ನ ಎರಡನ್ನೂ ಬಿಟ್ಟಿತು. ಬಾಯಿಂದ ಜೊಲ್ಲು ಸುರಿಯತೊಡಗಿತು. ಡಾಕ್ಟರು ಸೂಜಿ ಚುಚ್ಚಿ, ಮನೆಯೊಳಗೇ ಇಟ್ಟುಕೊಳ್ಳಿ ಎಂದರು. ಮರುದಿನ ಬಾಗಿಲು ತೆರೆದ ಕೂಡಲೇ ಅದು ನನಗೆ ಕಾಣದಂತೆ ನುಸುಳಿಕೊಂಡು ಹೋಯಿತು. ಅರ್ಧ ಗಂಟೆಯ ಮೇಲೆ ಗೊತ್ತಾಗಿ ಪಕ್ಕದ ಮನೆಗೆ ಓಡಿದೆ.

ಅಕ್ಕನ ಪಡಸಾಲೆಯ ಮೂಲೆಯಲ್ಲಿ ಅದು ಮಲಗಿತ್ತು. ಸುತ್ತಲಿನ ನೆಲ ಇನ್ನೂ ಒದ್ದೆಯಾಗಿತ್ತು. ತಲೆ ಎತ್ತಲಾರದಿದ್ದರೂ ಮುಂಗಾಲು ನೆಕ್ಕುತ್ತಿತ್ತು. ಬೈಯಲು ಬಾಯಿ ತೆರೆದವಳು ಅಕ್ಕನ ಮುಖ ನೋಡಿದೆ. ಅವರ ಕಣ್ಣುಗಳು ತುಂಬಿದ್ದವು.

"ಪಾಪ, ಜಡ್ಡಾಗೈತಲ್ಲ ತಂಗಿ. ಸ್ವಚ್ಛ ಜಾಗದಾಗ ಮಲಗಲಿ ಅಂತ ಇವತ್ತು ಎರಡು ಮುಚ್ಚಳ ಫಿನೈಲ್ ಜಾಸ್ತಿನ ಹಾಕಿ ಒರಸೀನಿ."