ಭಾವ ಟವಲ್ ಹಾಕಿದ ಸೀಟು

ಅದು ಭಾನುವಾರ. ನಮ್ಮ ಭಾವ, ಅಂದರೆ ಅಕ್ಕನ ಗಂಡ, ಬೆಳಿಗ್ಗೆ ಹುರುಳಿಕಾಯಿ ಮೂಟೆಗಳನ್ನು ಹೊಸಕೋಟೆ ಮಾರುಕಟ್ಟೆಯಲ್ಲಿ ಇಳಿಸಿ, ಅಲ್ಲೇ ನಲ್ಲಿಯಲ್ಲಿ ಮುಖ ತೊಳೆದು ಬಸ್ ಸ್ಟ್ಯಾಂಡಿಗೆ ಬಂದರು. ಫ್ಯಾಕ್ಟರಿಯಲ್ಲಿ ನನ್ನ ಜೊತೆ ಕೆಲಸ ಮಾಡುವವರೊಬ್ಬರು ತಮಗೆ ಹೋಗಲಾಗದೆ ಎರಡು ಕ್ರಿಕೆಟ್ ಟಿಕೆಟ್ ನನಗೆ ಕೊಟ್ಟಿದ್ದರು. ಐವತ್ತೆರಡು ವರ್ಷದ ಭಾವ ಅಲ್ಲಿಯವರೆಗೆ ಸ್ಟೇಡಿಯಂ ಒಳಗೆ ಕಾಲಿಟ್ಟವರಲ್ಲ.

ಬೆಂಗಳೂರಿನ ಬಸ್ಸು ಇನ್ನೂ ಪೂರ್ತಿ ನಿಂತಿರಲಿಲ್ಲ. ಭಾವ ಹೆಗಲ ಮೇಲಿನ ಟವಲ್ ತೆಗೆದು ಕಿಟಕಿಯೊಳಗೆ ಎಸೆದರು. ಸರಿಯಾಗಿ ಸೀಟಿನ ಮೇಲೆ ಬಿತ್ತು. ನಮ್ಮ ಕಡೆ ಅದು ರಿಜಿಸ್ಟರ್ ಆದ ಹಾಗೆ. ಟವಲ್ ಬಿದ್ದ ಸೀಟಿನಲ್ಲಿ ಬೇರೆಯವರು ಕೂರುವುದಿಲ್ಲ. ಕೂತರೆ ಇಳಿಯುವವರೆಗೂ ಮಾತು ಕೇಳಬೇಕು.

“ಅಲ್ಲಿ ಟವಲ್ ಬೇಕಾಗಿಲ್ಲ ಭಾವ. ಟಿಕೆಟ್ ಮೇಲೆ ನಂಬರ್ ಹಾಕವ್ರೆ. ಎಷ್ಟೊತ್ತಿಗೋದ್ರೂ ನಮ್ದೇ ಸೀಟು” ಎಂದೆ.

“ನಂಬರ್ ಹಾಕಿದ್ರೆ ಖಾಲಿ ಇರ್ತದಾ? ನೀನು ಓದಿರೋನು, ನಂಬ್ಕೋ.”

ಗೇಟಿನಲ್ಲಿ ಟಿಕೆಟಿನ ತುದಿ ಹರಿದುಕೊಂಡು ಒಳಗೆ ಬಿಟ್ಟರು. ಮೆಟ್ಟಿಲು ಹತ್ತಿ ನೋಡಿದರೆ ಕಣ್ಣು ಹೋದಷ್ಟೂ ಕುರ್ಚಿ. ನಮ್ಮದು ಜೆ ಸಾಲು, ನಲವತ್ತೊಂದು, ನಲವತ್ತೆರಡು. ಮಾಸಿದ ಅಕ್ಷರಗಳನ್ನು ಓದುತ್ತಾ, ಜನರ ಮೊಣಕಾಲು ದಾಟುತ್ತಾ ಮೇಲೆ ಹೋದೆ. ಸೀಟು ಸಿಕ್ಕಿತು. ಅದರ ಎದುರಿಗೇ ಒಂದು ದಪ್ಪ ಕಂಬವೂ ಇತ್ತು. ಹಿಂತಿರುಗಿದರೆ ಭಾವ ಇಲ್ಲ. ಕೆಳಗೆ, ಬೇಲಿಯ ಹತ್ತಿರದ ಸಾಲಿನಲ್ಲಿ, ಎರಡು ಕುರ್ಚಿಗಳ ಬೆನ್ನಿಗೆ ಅಡ್ಡಲಾಗಿ ಟವಲ್ ಹಾಸಿಕೊಂಡು ನಿಂತಿದ್ದರು.

“ಲೇ ಬಾಮೈದ, ಇಲ್ಲಿ ಬಾ. ಸೀಟ್ ಹಿಡ್ದಿದೀನಿ.”

ನಾನು ಇಳಿದು ಬರುವಷ್ಟರಲ್ಲಿ ಆ ಸೀಟಿನವರು ಬಂದಿದ್ದರು, ಗಂಡ ಹೆಂಡತಿ. ಗಂಡ ಟಿಕೆಟ್ ತೋರಿಸಿದರು. ಭಾವ ಟವಲ್ ತೋರಿಸಿದರು.

“ಟವಲ್ ಇತ್ತಲ್ಲಪ್ಪಾ. ಕಾಣ್ಲಿಲ್ವಾ?”

“ಟವಲ್ ಹಾಕೋಕೆ ಇದೇನ್ ಮಾಲೂರು ಬಸ್ಸಾ ಗುರು?”

“ಮಾಲೂರು ಬಸ್ ಗೊತ್ತಾ ನಿಮ್ಗೆ? ಯಾವೂರು?”

ಮಾಲೂರಿನ ಪಕ್ಕದ ಹಳ್ಳಿಯವರೇ. ಎರಡು ನಿಮಿಷದಲ್ಲಿ ಮಾತು ಟೊಮೆಟೊ ರೋಗಕ್ಕೆ ಹೋಯಿತು. ಮೂರನೇ ನಿಮಿಷದಲ್ಲಿ ಭಾವ, “ನಮ್ ಸೀಟು ಮೇಲೈತೆ. ಒಳ್ಳೆ ನೆರಳು, ಗಾಳಿ. ಅಮ್ಮಾವ್ರಿಗೆ ಇಲ್ಲಿ ಬಿಸ್ಲು ಹೊಡೀತದೆ” ಎಂದರು. ಆ ಸೀಟನ್ನು ಭಾವ ನೋಡಿಯೇ ಇರಲಿಲ್ಲ. ಆಕೆ ಒಮ್ಮೆ ಮೇಲೆ ನೋಡಿ, “ನಡೀರಿ, ನೆರಳಾದ್ರೂ ಸಿಗ್ತದೆ” ಎಂದು ಗಂಡನನ್ನು ಎಳೆದುಕೊಂಡು ಹೋದರು.

“ಅಲ್ಲಿ ಕಂಬ ಐತೆ ಭಾವ” ಎಂದು ಕಿವಿಯಲ್ಲಿ ಹೇಳಿದೆ.

“ಇರ್ಲಿ, ಒರಗ್ಕೊಳ್ಳೋಕಾಯ್ತದೆ.”

ಬೌಂಡರಿಯ ಬಳಿ ಫೀಲ್ಡಿಂಗಿಗೆ ನಿಂತಿದ್ದ ಆಟಗಾರನನ್ನು ಭಾವ “ಊಟ ಆಯ್ತೇನಪ್ಪಾ” ಎಂದು ವಿಚಾರಿಸಿದರು. ಅವನು ತಲೆಯಾಡಿಸಿದ ಎಂದು ವಾಪಸ್ ಬರುವಾಗ ಬಸ್ಸಿನುದ್ದಕ್ಕೂ ಹೇಳಿದರು. ಮನೆಯಲ್ಲಿ ಅಕ್ಕನಿಗೂ ಹೇಳಿದರು.

ಮಂಗಳವಾರ ಬೆಳಿಗ್ಗೆ ತೋಟಕ್ಕೆ ನೀರು ಬಿಡುವಾಗ ಭಾವ ಕುಸಿದು ಬಿದ್ದರು. ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟಿದ್ದರು.

ತಿಥಿ ಮುಗಿದ ಮೇಲೆ ಅಕ್ಕನಿಗೆ ಅವರ ಅಂಗಿಯ ಜೇಬಿನಲ್ಲಿ ಹರಿದ ಟಿಕೆಟ್ ಸಿಕ್ಕಿತು. ಅದರ ಮೇಲಿನ ಸೀಟ್ ನಂಬರನ್ನು ನನ್ನಿಂದ ಓದಿಸಿದಳು.

“ನಿಮ್ ಭಾವ ಇದ್ರಲ್ಲೇ ಕೂತಿದ್ದಾ?”

ಆ ಹೊತ್ತಿನಲ್ಲಿ ಅಷ್ಟುದ್ದದ ಕತೆ ಹೇಳಲು ಬಾಯಿ ಬರಲಿಲ್ಲ. “ಹೂಂ” ಎಂದೆ.

“ಒಂದ್ಸಲ ಅದ್ರಲ್ಲಿ ಕೂತ್ಕೋಬೇಕು ಕಣೋ.”

ಬೇರೇನನ್ನೂ ಅವಳು ಕೇಳಲಿಲ್ಲ. ಆರು ತಿಂಗಳ ಮೇಲೆ, ಹೆಚ್ಚು ಜನ ಬಾರದ ಒಂದು ಸಣ್ಣ ಪಂದ್ಯಕ್ಕೆ ಅದೇ ಕಡೆಯ ಟಿಕೆಟ್ ತೆಗೆದು ಕರೆದುಕೊಂಡು ಹೋದೆ. ಅಕ್ಕ ಹಳೆಯ ಟಿಕೆಟನ್ನೇ ಕೈಯಲ್ಲಿ ಹಿಡಿದು, ನನ್ನನ್ನು ಹಿಂದೆ ಬಿಟ್ಟು, ತಾನೇ ನಂಬರು ಹೋಲಿಸಿ ನೋಡುತ್ತಾ ಹೋದಳು. ನಲವತ್ತೊಂದರಲ್ಲಿ ಕೂತಳು. ಎಡಕ್ಕೆ ಬಗ್ಗಿದಳು, ಬಲಕ್ಕೆ ಬಗ್ಗಿದಳು.

“ಇಲ್ಲಿಂದ ಏನ್ ಕಾಣ್ತದೋ? ಆ ಹುಡ್ಗ ನನ್ನ ನೋಡಿ ತಲೆ ಆಡಿಸ್ದ ಅಂತ ಮೂರು ಸಲ ಹೇಳಿದ್ರು. ಈ ಕಂಬನಾ ತಲೆ ಆಡಿಸಿದ್ದು?”

ಇನ್ನು ಮುಚ್ಚಿಡಲಾಗಲಿಲ್ಲ. ಟವಲ್ಲು, ಮಾಲೂರಿನವರು, ನೆರಳು, ಎಲ್ಲ ಹೇಳಿದೆ. ಅತ್ತುಬಿಡುತ್ತಾಳೆ ಎಂದುಕೊಂಡಿದ್ದೆ. ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಭಾವ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ.

“ಇಪ್ಪತ್ತೆಂಟು ವರ್ಷ ಬಾಳಿದೀನಿ. ಕೊಟ್ಟಿದ್ ಜಾಗದಲ್ಲಿ ಒಂದಿನಾನೂ ಕೂತೋರಲ್ಲ. ನೀನು ಹೂಂ ಅಂದಾಗ್ಲೇ ಅನುಮಾನ ಬರ್ಬೇಕಿತ್ತು. ನಡಿ, ಅದ್ನ ತೋರ್ಸು.”

ಬೇಲಿಯ ಹತ್ತಿರ ಇಳಿದೆವು. ಸಾಲು ಅದೇ, ಅದು ಖಾತ್ರಿ. ಕುರ್ಚಿಗಳೆಲ್ಲ ಒಂದೇ ಬಣ್ಣ. ನಂಬರು ಇರುವುದು ಬೆನ್ನಿನ ಮೇಲೆ, ಅವತ್ತು ಅದನ್ನು ಟವಲ್ ಮುಚ್ಚಿತ್ತು. ಇದಿರಬಹುದು ಎಂದೆ, ಅಲ್ಲ ಅದಿರಬಹುದು ಎಂದೆ.

“ಆಯ್ತು, ಸುಮ್ನಿರು” ಎಂದ ಅಕ್ಕ ಆ ಸಾಲಿನಲ್ಲಿ ನಾನು ತೋರಿಸಿದ ಏಳು ಕುರ್ಚಿಗಳಲ್ಲೂ ಒಂದೊಂದು ಓವರ್ ಕೂತಳು. ಪಕ್ಕದಲ್ಲಿದ್ದವರು ಇವಳಿಗೇನಾಗಿದೆ ಎಂದು ನೋಡುತ್ತಿದ್ದರು. ಪ್ರತಿ ಸಲವೂ ಅವಳು ನನ್ನ ಮುಖ ನೋಡುತ್ತಿದ್ದಳು.

ಆ ಏಳರಲ್ಲಿ ಭಾವ ಕೂತದ್ದು ಯಾವುದು ಎಂದು ನನಗೆ ಗೊತ್ತಿಲ್ಲ.